ಮನಸ್ಸು ಬರುವುದಕ್ಕೆ ಮೊದಲೇ

ಒಂದು ಕಾಲಿಗೆ ಸಾಕ್ಸ್ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು ಅವನು ಮಂಚದ ತುದಿಯಲ್ಲಿ ಕೂತಿದ್ದ. ಎಂಟು ಗಂಟೆಗೆ ಕೂತವನು ಒಂಬತ್ತೂವರೆಯಾದರೂ ಎದ್ದಿರಲಿಲ್ಲ. ಅಳುತ್ತಿರಲಿಲ್ಲ. ಬೇಜಾರಾ ಎಂದು ಕೇಳಿದರೆ ಹೌದು ಅನ್ನಲೂ ಇಲ್ಲ. "ಇನ್ನೊಂದು ಹಾಕ್ಕೋಬೇಕು ಅಂತ ಗೊತ್ತು. ಕೈ ಏಳ್ತಾ ಇಲ್ಲ" ಎಂದಷ್ಟೇ ಹೇಳಿದ. ನನ್ನ ಆಪ್ತ ಗೆಳೆಯ, ಕೆಲಸದಲ್ಲಿ ಚುರುಕಿಗೆ ಹೆಸರಾದವನು. ನಾನು ಬೆನ್ನು ತಟ್ಟಿ, "ಮನಸ್ಸು ಗಟ್ಟಿ ಮಾಡ್ಕೊ, ಎಲ್ಲ ಸರಿಹೋಗುತ್ತೆ" ಎಂದೆ. ಪ್ರೀತಿಯಿಂದಲೇ ಹೇಳಿದ ಮಾತು. ಆದರೆ ಯಾವುದನ್ನು ಗಟ್ಟಿ ಮಾಡಿಕೊ ಎಂದೆನೋ ಕಾಯಿಲೆ ಬಿದ್ದಿದ್ದು ಅದೇ.

ಖಿನ್ನತೆ ಎಂದರೆ ವಿಪರೀತ ದುಃಖ ಎಂದು ತಿಳಿದವರೇ ಹೆಚ್ಚು. ದುಃಖಕ್ಕೆ ಏರಿಳಿತವಿದೆ. ಸಾವಿನ ಮನೆಯಲ್ಲೂ ಹಳೆಯದೇನೋ ನೆನಪಾಗಿ ನಗು ಬರುತ್ತದೆ, ಮಗುವನ್ನು ಎತ್ತಿಕೊಂಡರೆ ಎದೆ ಕೊಂಚ ಹಗುರಾಗುತ್ತದೆ. ಖಿನ್ನತೆ ತೀವ್ರವಾದಾಗ ಈ ಏರಿಳಿತವೇ ನಿಂತುಹೋಗುತ್ತದೆ. ವೈದ್ಯರು ಮೊದಲು ವಿಚಾರಿಸುವುದು ಎರಡು ಸಂಗತಿ: ದಿನದ ಬಹುಪಾಲು ಮಂಕು ಕವಿದಿರುತ್ತದೆಯೇ? ಮೊದಲು ಇಷ್ಟಪಡುತ್ತಿದ್ದ ಕೆಲಸಗಳಲ್ಲಿ ಈಗಲೂ ಆಸಕ್ತಿ ಇದೆಯೇ? ಇವೆರಡರಲ್ಲಿ ಒಂದಾದರೂ ಕೆಟ್ಟಿರಬೇಕು. ಅದರ ಜತೆಗೆ ನಿದ್ದೆ, ಹಸಿವು, ಸುಸ್ತು, ಏಕಾಗ್ರತೆ, ನಡೆನುಡಿ ನಿಧಾನವಾಗುವುದು ಅಥವಾ ಚಡಪಡಿಕೆ, ತಾನು ಯಾತಕ್ಕೂ ಬಾರದವ ಎಂಬ ಭಾವ, ಸಾವಿನ ಯೋಚನೆ. ಒಟ್ಟು 9 ಲಕ್ಷಣಗಳಲ್ಲಿ ಕನಿಷ್ಠ 5, ಹೆಚ್ಚುಕಡಿಮೆ ಪ್ರತಿದಿನವೂ 2 ವಾರ ಕಾಣಿಸಿಕೊಂಡು ಬದುಕಿಗೆ ಅಡ್ಡಿಯಾಗಿದ್ದರೆ ಅದನ್ನು ಖಿನ್ನತೆಯ ಕಾಯಿಲೆ ಎಂದು ಗುರುತಿಸುತ್ತಾರೆ. ಎಲ್ಲರೂ ಮಂಕಾಗಿಯೇ ಕಾಣುತ್ತಾರೆ ಎಂದೇನಿಲ್ಲ. ಕೆಲವರಲ್ಲಿ ಅದು ಸಿಡುಕಾಗಿ ಹೊರಬರುತ್ತದೆ. ಇನ್ನೆಷ್ಟೋ ಜನ ತಲೆನೋವು, ಬೆನ್ನುನೋವು ಎಂದು ವೈದ್ಯರಿಂದ ವೈದ್ಯರಿಗೆ ಅಲೆದು ಕೊನೆಗೆ ಮನೋವೈದ್ಯರ ಬಾಗಿಲಿಗೆ ಬರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನ 28 ಕೋಟಿ ಜನರಿಗೆ ಖಿನ್ನತೆ ಇತ್ತು. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು.

ಕೈ ಯಾಕೆ ಏಳುವುದಿಲ್ಲ? ಮಿದುಳಿನ ಆಳದಲ್ಲಿ ಸ್ಟ್ರಯೇಟಮ್ ಎಂಬ ಭಾಗವಿದೆ. ಇದನ್ನು ಮಾಡಿದರೆ ಹಿತವಾಗುತ್ತದೆ ಎಂಬ ನಿರೀಕ್ಷೆ ಹುಟ್ಟುವುದರಲ್ಲಿ ಅದರ ಪಾತ್ರ ದೊಡ್ಡದು. ನಾವು ದಿನವಿಡೀ ಮಾಡುವ ಸಣ್ಣಪುಟ್ಟ ಕೆಲಸಗಳ ಹಿಂದೆ, ಹಲ್ಲುಜ್ಜುವುದರ ಹಿಂದೆ ಕೂಡ, ಇಂಥದೊಂದು ಚಿಕ್ಕ ನಿರೀಕ್ಷೆ ಇರುತ್ತದೆ. ಇದೆ ಎಂಬುದೇ ನಮಗೆ ಗೊತ್ತಾಗುವುದಿಲ್ಲ, ಅಷ್ಟು ಸಲೀಸು. ಸ್ಕ್ಯಾನರಿನೊಳಗೆ ಮಲಗಿಸಿ, ಆಟವೊಂದರಲ್ಲಿ ಹಣ ಗೆಲ್ಲುವ ಅವಕಾಶ ಕೊಟ್ಟು ನೋಡಿದರೆ, ಖಿನ್ನತೆ ಇರುವವರಲ್ಲಿ ಈ ಭಾಗದ ಸ್ಪಂದನೆ ಸರಾಸರಿಗಿಂತ ತಗ್ಗಿರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಹಾಗೆಂದು ಒಬ್ಬರ ಸ್ಕ್ಯಾನ್ ನೋಡಿ ಇವರಿಗೆ ಖಿನ್ನತೆ ಇದೆ ಎನ್ನಲು ಬರುವುದಿಲ್ಲ. ವ್ಯತ್ಯಾಸ ಗುಂಪುಗಳ ನಡುವಿನದು. ಆದರೂ ಸಾಕ್ಸ್ ಹಿಡಿದು ಕೂತವನನ್ನು ಸೋಮಾರಿ ಅನ್ನುವ ಮುನ್ನ ಇದನ್ನು ನೆನೆಯಬೇಕು. ಸೋಮಾರಿಗೆ ಸುಮ್ಮನಿರುವುದರಲ್ಲಿ ಸುಖವಿದೆ. ಅವನಿಗೆ ಅದೂ ಇರಲಿಲ್ಲ.

ಕಾರಣ ಒಂದೇ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅವಳಿಗಳ ಅಧ್ಯಯನಗಳ ಪ್ರಕಾರ ಖಿನ್ನತೆಗೆ ಈಡಾಗುವ ಸಂಭವದಲ್ಲಿ ವಂಶವಾಹಿಗಳ ಪಾಲು ಸುಮಾರು ಶೇ 35ರಿಂದ 40. ಅದೂ ಒಂದು ಜೀನ್‌ನಿಂದಲ್ಲ, ನೂರಾರು ಜೀನ್‌ಗಳ ಚೂರುಪಾರು ಪ್ರಭಾವ ಕೂಡಿ ಆದದ್ದು. ಉಳಿದದ್ದು ಬಾಲ್ಯದ ಗಾಯಗಳು, ಅಗಲಿಕೆ, ಸಾಲ, ಒಂಟಿತನ, ಹೆರಿಗೆ, ದೀರ್ಘ ಕಾಯಿಲೆ. ಥೈರಾಯ್ಡ್ ಕಡಿಮೆಯಾದರೆ, ಬಿ12 ಕೊರತೆಯಾದರೆ ಕೂಡ ಖಿನ್ನತೆಯಂತೆಯೇ ಕಾಣುತ್ತದೆ. ಹಾಗಾಗಿ ಒಳ್ಳೆಯ ವೈದ್ಯರು ರಕ್ತಪರೀಕ್ಷೆಯನ್ನೂ ಮಾಡಿಸುತ್ತಾರೆ. ಹಿಂದೆ ಎಂದಾದರೂ ನಿದ್ದೆಯಿಲ್ಲದೆ ದಿನಗಟ್ಟಲೆ ವಿಪರೀತ ಹುರುಪಿನಲ್ಲಿ ಇದ್ದಿರಾ ಎಂದೂ ಕೇಳುತ್ತಾರೆ. ಇದ್ದರೆ ಅದು ಉನ್ಮಾದವೂ ಖಿನ್ನತೆಯೂ ಬಂದುಹೋಗುವ ಬೈಪೋಲಾರ್ ಕಾಯಿಲೆ ಇರಬಹುದು. ಆಗ ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟರೆ ಉನ್ಮಾದ ಕೆರಳುವ ಅಪಾಯವಿದೆ.

ಮಾತ್ರೆಯ ಕಥೆ ಶುರುವಾದದ್ದು ಕ್ಷಯರೋಗದ ಆಸ್ಪತ್ರೆಯಲ್ಲಿ. 1952ರ ಸುಮಾರಿಗೆ ನ್ಯೂಯಾರ್ಕಿನ ಸ್ಟೇಟನ್ ದ್ವೀಪದ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯಕ್ಕೆಂದು ಇಪ್ರೊನಿಯಜಿಡ್ ಕೊಟ್ಟಾಗ ರೋಗಿಗಳಲ್ಲಿ ಎಂದೂ ಕಾಣದ ಲವಲವಿಕೆ ಕಂಡಿತು. 1957ರ ಹೊತ್ತಿಗೆ ಅದನ್ನು ಖಿನ್ನತೆಗೇ ಕೊಟ್ಟು ನೋಡಿದರು. ಅದೇ ವರ್ಷ ಸ್ವಿಟ್ಜರ್ಲೆಂಡಿನ ಮನೋವೈದ್ಯ ರೋಲಾಂಡ್ ಕೂನ್, ಸ್ಕಿಜೋಫ್ರೇನಿಯಾ ಎಂಬ ಮನೋರೋಗಕ್ಕೆ ನಾಟದ ಇಮಿಪ್ರಮಿನ್ ಎಂಬ ಔಷಧಿ ಖಿನ್ನತೆಗೆ ನಾಟುತ್ತದೆ ಎಂದು ಪ್ರಕಟಿಸಿದರು. ಎರಡೂ ಅಚಾನಕ್ಕಾಗಿ ಸಿಕ್ಕ ಮದ್ದುಗಳು. ಅವು ಹೇಗೆ ಕೆಲಸ ಮಾಡುತ್ತವೆ ಎಂದು ಹುಡುಕುತ್ತಾ ಹೋದಾಗ ನರಕೋಶಗಳ ನಡುವೆ ಸಂದೇಶ ಒಯ್ಯುವ ಸೆರೊಟೋನಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳ ಕಡೆ ಗಮನ ಹರಿಯಿತು. 1987ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಫ್ಲುಯೊಕ್ಸೆಟಿನ್ ಎಂಬ ಮಾತ್ರೆ, ಒಂದು ನರಕೋಶ ಹೊರಬಿಟ್ಟ ಸೆರೊಟೋನಿನ್ ಮತ್ತೆ ಅದರೊಳಕ್ಕೇ ಹೋಗದಂತೆ ತಡೆಯುತ್ತದೆ. ಇಂದು ವೈದ್ಯರು ಮೊದಲು ಬರೆದುಕೊಡುವ ಮಾತ್ರೆಗಳು ಬಹುತೇಕ ಇದೇ ಬಗೆಯವು.

ಇಲ್ಲೊಂದು ಒಗಟಿದೆ. ಮಾತ್ರೆ ಸೆರೊಟೋನಿನ್ನನ್ನು ತಡೆದು ನಿಲ್ಲಿಸುವುದು ಗಂಟೆಗಳಲ್ಲಿ. ಮನಸ್ಸು ತಿಳಿಯಾಗುವುದು ವಾರಗಳ ಮೇಲೆ. ಸೆರೊಟೋನಿನ್ ಕಡಿಮೆಯಾಗಿದ್ದೇ ರೋಗ, ತುಂಬಿದರೆ ವಾಸಿ ಎಂಬುದು ನಿಜವಾಗಿದ್ದರೆ ಸಂಜೆಯೊಳಗೆ ಗುಣವಾಗಬೇಕಿತ್ತು. ಹಾಗಾಗಿ ಆ ಸರಳ ವಿವರಣೆಯನ್ನು ಸಂಶೋಧಕರು ಬಹುಮಟ್ಟಿಗೆ ಕೈಬಿಟ್ಟಿದ್ದಾರೆ. ನರಕೋಶಗಳ ನಡುವಿನ ಬೆಸುಗೆಗಳು ನಿಧಾನವಾಗಿ ಹೊಸದಾಗಿ ಹೆಣೆದುಕೊಳ್ಳಲು ಮಾತ್ರೆ ಅನುವು ಮಾಡಿಕೊಡುತ್ತದೆ, ಆ ಹೆಣಿಗೆಗೇ ಸಮಯ ಬೇಕು ಎಂಬುದು ಈಗ ಬಲವಾಗಿರುವ ವಿಚಾರ. ರೋಗಿಗೆ ಇದು ಬರೀ ಸಿದ್ಧಾಂತದ ಮಾತಲ್ಲ. ಮೊದಲ ವಾರ ಹೊಟ್ಟೆ ತೊಳಸುತ್ತದೆ, ನಿದ್ದೆ ಏರುಪೇರಾಗುತ್ತದೆ, ಫಲ ಮಾತ್ರ ಕಾಣುವುದಿಲ್ಲ. ಎಷ್ಟೋ ಜನ ಮಾತ್ರೆ ಬಿಡುವುದು ಇದೇ ವಾರದಲ್ಲಿ. ಅಂದರೆ ಗುಣ ಕಾಣುವ ಹೊತ್ತಿಗೆ ಅವರು ಮಾತ್ರೆಯನ್ನೇ ತೆಗೆದುಕೊಳ್ಳುತ್ತಿರುವುದಿಲ್ಲ. ಮೊದಲ ದಿನವೇ ಯಾರಾದರೂ ಐದು ನಿಮಿಷ ಕೂತು ಇದನ್ನು ಬಿಡಿಸಿ ಹೇಳಿದರೆ ಎಷ್ಟು ಜನ ಮಾತ್ರೆ ಬಿಡದೆ ಉಳಿದುಕೊಳ್ಳುತ್ತಿದ್ದರೋ ಎಂದು ನನಗೆ ಸಂಕಟವಾಗುತ್ತದೆ.

ಮಾತ್ರೆ ಎಲ್ಲರಿಗೂ ಒಂದೇ ಸಮ ನಾಟುವುದಿಲ್ಲ. 2018ರಲ್ಲಿ 21 ಔಷಧಿಗಳ 522 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದಾಗ, ಎಲ್ಲವೂ ಔಷಧಿಯೇ ಇಲ್ಲದ ಹುಸಿಮಾತ್ರೆಗಿಂತ ಮೇಲೆಂದು ಕಂಡಿತು. ಸರಾಸರಿಯಲ್ಲಿ ಆ ಅಂತರ ಮಾತ್ರ ದೊಡ್ಡದಲ್ಲ. ಕೆಲವರಿಗೆ ಮೊದಲ ಮಾತ್ರೆಯೇ ಹಿಡಿಯುತ್ತದೆ, ಅನೇಕರಿಗೆ ಪ್ರಮಾಣ ಏರಿಸಬೇಕು, ಇಲ್ಲವೇ ಬೇರೆ ಮಾತ್ರೆಗೆ ಹೋಗಬೇಕು. ಮೊದಲನೆಯದು ಹಿಡಿಯದಿದ್ದರೆ ಕೆಟ್ಟೆ ಎಂದುಕೊಳ್ಳಬೇಕಾಗಿಲ್ಲ. 25 ವರ್ಷದೊಳಗಿನವರಲ್ಲಿ ಮಾತ್ರೆಯ ಆರಂಭದ ವಾರಗಳಲ್ಲಿ ಸಾಯುವ ಯೋಚನೆ ಹೆಚ್ಚಬಹುದು ಎಂಬ ಎಚ್ಚರಿಕೆಯಿದೆ; ಆಗ ಮನೆಯವರು ಹತ್ತಿರವಿದ್ದು, ವೈದ್ಯರನ್ನು ಬೇಗಬೇಗ ಕಾಣಬೇಕು. ಯಾವ ವಯಸ್ಸಿನವರೇ ಆಗಲಿ, ಸಾಯುವ ಮಾತಾಡಿದರೆ ನೇರವಾಗಿಯೇ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಅವರನ್ನು ಒಬ್ಬರೇ ಬಿಡದೆ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಮಾತಿನ ಚಿಕಿತ್ಸೆಯ ಬಗ್ಗೆ ಜನರಿಗೆ ಇರುವ ಅನುಮಾನವೇ ಬೇರೆ. ಬರೀ ಮಾತಾಡಿದರೆ ಏನಾಗುತ್ತದೆ ಎನ್ನುತ್ತಾರೆ. 1960ರ ದಶಕದಲ್ಲಿ ಆರನ್ ಬೆಕ್ ಎಂಬ ಮನೋವೈದ್ಯರು ಗಮನಿಸಿದ್ದು, ಖಿನ್ನತೆ ಇರುವವರ ತಲೆಯಲ್ಲಿ ಕ್ಷಣಕ್ಕೊಂದರಂತೆ ತಾವಾಗಿಯೇ ಎದ್ದು ಬರುವ ಕಹಿ ಯೋಚನೆಗಳನ್ನು. ಗೆಳೆಯ ಫೋನ್ ಎತ್ತಲಿಲ್ಲ ಅಂದರೆ "ನಾನು ಯಾರಿಗೂ ಬೇಡ". ಯೋಚನೆ ಬಂದದ್ದೇ ತಡ ಅದು ಸತ್ಯವೆಂದೇ ತೋರುತ್ತದೆ. ಬೆಕ್ ರೂಪಿಸಿದ ಚಿಕಿತ್ಸೆಯಲ್ಲಿ ಆ ಯೋಚನೆಯನ್ನು ಹಾಳೆಯ ಮೇಲೆ ಬರೆದು, ಅದಕ್ಕೆ ಸಾಕ್ಷಿ ಏನು, ಎದುರು ಸಾಕ್ಷಿ ಏನು ಎಂದು ವಕೀಲರಂತೆ ಕೆದಕುತ್ತಾರೆ. ಇದು ಒಳ್ಳೆಯದನ್ನೇ ಯೋಚಿಸು ಎನ್ನುವ ಉಪದೇಶವಲ್ಲ. ಸಮಾಧಾನ ಸುಳ್ಳಾದರೆ ಖಿನ್ನ ಮನಸ್ಸು ಅದನ್ನು ಬಲುಬೇಗ ಪತ್ತೆಹಚ್ಚಿಬಿಡುತ್ತದೆ.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಇದರದೇ ಒಂದು ಭಾಗ, ವರ್ತನೆಯನ್ನು ಚುರುಕುಗೊಳಿಸುವ ಚಿಕಿತ್ಸೆ. 1970ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಪೀಟರ್ ಲೆವಿನ್‌ಸನ್ ಇದಕ್ಕೆ ತಳಪಾಯ ಹಾಕಿದರು. 1996ರಲ್ಲಿ ನೀಲ್ ಜೇಕಬ್ಸನ್ ಮತ್ತು ಸಂಗಡಿಗರು ಬೆಕ್ ಅವರ ಚಿಕಿತ್ಸೆಯನ್ನು ಬಿಡಿಬಿಡಿಯಾಗಿಸಿ ಪರೀಕ್ಷಿಸಿದಾಗ, ಚಟುವಟಿಕೆಯ ಈ ಭಾಗವೊಂದೇ ಇಡೀ ಚಿಕಿತ್ಸೆಯಷ್ಟು ಫಲ ಕೊಟ್ಟಿತು. ತರ್ಕ ಹೀಗಿದೆ. ನಾವು ಸಾಮಾನ್ಯವಾಗಿ ಮನಸ್ಸು ಬಂದರೆ ಮಾಡುತ್ತೇವೆ. ಖಿನ್ನತೆಯಲ್ಲಿ ಮನಸ್ಸು ಬರುವುದೇ ಇಲ್ಲ. ಮಾಡದೆ ಇದ್ದದ್ದಕ್ಕೆ ಹಿತವಾದ ಅನುಭವ ಇಲ್ಲ, ಹಿತವಿಲ್ಲದ್ದಕ್ಕೆ ಮನಸ್ಸು ಇನ್ನೂ ಬರುವುದಿಲ್ಲ. ಈ ಸುತ್ತನ್ನು ಮುರಿಯಲು ಮನಸ್ಸಿಗೆ ಕಾಯದೆ ಕೆಲಸದಿಂದಲೇ ಶುರುಮಾಡುತ್ತಾರೆ. ಆ ಕೆಲಸ ಎಷ್ಟು ಚಿಕ್ಕದಿರಬೇಕೆಂದರೆ ಸೋಲಲು ಜಾಗವೇ ಇರಬಾರದು. ಗೆಳೆಯನ ಮೊದಲ ವಾರದ ಚೀಟಿಯಲ್ಲಿ ಇದ್ದದ್ದು ಇಷ್ಟೇ: ಬೆಳಗ್ಗೆ ಕಿಟಕಿಯ ಪರದೆ ಸರಿಸುವುದು. ಪಕ್ಕದಲ್ಲಿ ಎರಡು ಅಂಕ ಬರೆಯಬೇಕು, ಹತ್ತರಲ್ಲಿ ಎಷ್ಟು ಹಿತವಾಯಿತು, ಹತ್ತರಲ್ಲಿ ಎಷ್ಟು ಸಾಧಿಸಿದಂತಾಯಿತು. ಆರು ದಿನ ಎರಡೂ ಸೊನ್ನೆ. ಏಳನೇ ದಿನ ಎರಡನೆಯ ಕಾಲಮಿನಲ್ಲಿ ಒಂದು ಬರೆದಿದ್ದ. "ಮನಸ್ಸು ಗಟ್ಟಿ ಮಾಡ್ಕೊ" ಎನ್ನುವುದಕ್ಕೂ ಇದಕ್ಕೂ ಇರುವ ದೂರ ನೋಡಿ. ಅದು ಇಲ್ಲದ್ದನ್ನು ಕೇಳುತ್ತದೆ. ಇದು ಪರದೆಯನ್ನಷ್ಟೇ ಸರಿಸು ಎನ್ನುತ್ತದೆ, ಜತೆಗೆ ಇನ್ನೊಬ್ಬರು ಕೂತು ಆ ಚೀಟಿ ಓದುತ್ತಾರೆ.

ತೀವ್ರ ಖಿನ್ನತೆಗೆ ಮಾತ್ರೆ ಮತ್ತು ಮಾತಿನ ಚಿಕಿತ್ಸೆ ಎರಡೂ ಕೂಡಿದರೆ ಒಂದೊಂದಕ್ಕಿಂತ ಮೇಲು. ಎರಡಕ್ಕೂ ಬಗ್ಗದಿದ್ದಾಗ, ಅಥವಾ ಅನ್ನನೀರು ಬಿಟ್ಟು ಜೀವಕ್ಕೇ ಅಪಾಯವಾದಾಗ, ಜನ "ಕರೆಂಟ್ ಕೊಡೋದು" ಅನ್ನುವ ಇಸಿಟಿ, ಅಂದರೆ ಮಿದುಳಿಗೆ ಕ್ಷಣಕಾಲ ವಿದ್ಯುತ್ ಹಾಯಿಸುವ ಚಿಕಿತ್ಸೆ, ಇದೆ. 1938ರಲ್ಲಿ ರೋಮ್‌ನಲ್ಲಿ ಶುರುವಾದಾಗ ಅರಿವಳಿಕೆ ಇರಲಿಲ್ಲ. ಸಿನಿಮಾಗಳು ಉಳಿಸಿಕೊಂಡದ್ದು ಆ ಚಿತ್ರವನ್ನೇ. ಈಗ ರೋಗಿ ನಿದ್ದೆಯಲ್ಲಿರುತ್ತಾರೆ, ಸ್ನಾಯುಗಳು ಸಡಿಲವಾಗಿರುತ್ತವೆ. ಸಾಮಾನ್ಯವಾಗಿ 6ರಿಂದ 12 ಸಲ ಕೊಡುತ್ತಾರೆ. ಆಸುಪಾಸಿನ ದಿನಗಳ ನೆನಪು ಮಸುಕಾಗುವುದುಂಟು, ಅದನ್ನು ಮುಚ್ಚಿಡಬಾರದು. ಆದರೂ ಅತಿ ತೀವ್ರ ಖಿನ್ನತೆಗೆ ಇಷ್ಟು ಪರಿಣಾಮಕಾರಿಯಾದ ಚಿಕಿತ್ಸೆಗಳು ಕಡಿಮೆ.

ಗುಣವಾದ ಕೂಡಲೇ ಮಾತ್ರೆ ನಿಲ್ಲಿಸುವಂತಿಲ್ಲ. ಮರುಕಳಿಸದಿರಲು ಕನಿಷ್ಠ ಆರು ತಿಂಗಳಾದರೂ ಮುಂದುವರಿಸುತ್ತಾರೆ, ಆಮೇಲೆ ಹಂತಹಂತವಾಗಿ ಇಳಿಸುತ್ತಾರೆ. ಹೆಂಡದಂತೆ ಚಟ ಹಿಡಿಸುವ ಮಾತ್ರೆಗಳಲ್ಲ ಇವು. ಥಟ್ಟನೆ ಬಿಟ್ಟರೆ ಮಾತ್ರ ತಲೆಸುತ್ತು, ತಲೆಯೊಳಗೆ ಶಾಕ್ ಹೊಡೆದಂಥ ಅನುಭವ ಆಗಬಹುದು.

ಗುಣವಾಗುತ್ತಿರುವುದು ಎಷ್ಟೋ ಸಲ ಮೊದಲು ಕಾಣುವುದು ಮನೆಯವರಿಗೆ. ನಿದ್ದೆ, ಹಸಿವು ಮುಂಚೆ ಸುಧಾರಿಸುತ್ತವೆ, ಒಳಗಿನ ಮಂಕು ಕರಗಲು ಇನ್ನಷ್ಟು ದಿನ ಬೇಕು. ಐದನೇ ವಾರ ಗೆಳೆಯ ನನ್ನೆದುರು "ಏನೂ ಫರಕ್ ಇಲ್ಲ" ಎಂದ. ಅವನ ಹೆಂಡತಿ ಪಕ್ಕದ ಕೋಣೆಯಿಂದ ಬಂದು, "ಇವತ್ತು ಅವರು ಮಗಳಿಗೆ ಶೂ ಲೇಸ್ ಕಟ್ಟಿದ್ರು" ಎಂದಳು. ಅವನು ತನ್ನ ಕೈಗಳನ್ನು ನೋಡಿಕೊಂಡ. ಅವನಿಗೆ ಅದು ನೆನಪಿರಲಿಲ್ಲ.