ಮರ ಎತ್ತುವ ಮುಂಚೆ ಬೇರು ಬರಿಸಿ

ಆಷಾಢ ಬರುವ ಮುಂಚೆ ಗುದ್ದಲಿ ಪೂಜೆ ಮುಗಿಸಿಬಿಡಬೇಕೆಂಬ ಆತುರ ಮೈಸೂರಿನಲ್ಲಿ ಮೇ ತಿಂಗಳಿಂದಲೇ ಶುರು. ಅದರ ಹಿಂದೆಯೇ ತೋಟಗಾರಿಕೆ ಕೆಲಸದವರಿಗೆ ಫೋನೂ ಶುರು. "ಸಾರ್, ನಾಳಿದ್ದು ಜೆಸಿಬಿ ಬರ್ತಾ ಇದೆ. ಸೈಟಿನ ಮುಂದುಗಡೆ ಒಂದು ಸಪೋಟ ಇದೆ, ನಮ್ಮಪ್ಪಾಜಿ ಹಾಕಿದ್ದು. ಬುಡ ಸಮೇತ ಕಿತ್ತು ಹಿಂದುಗಡೆ ನೆಟ್ಕೊಡ್ತೀರಾ?"

ಹೀಗೆ ಕೇಳುವವರಿಗೆ ಮರದ ಮೇಲಿರುವ ಪ್ರೀತಿ ದೊಡ್ಡದು. ಕಡಿಸಿ ಹಾಕುವುದು ಸುಲಭ ಮತ್ತು ಅಗ್ಗ ಎಂದು ಗೊತ್ತಿದ್ದೂ ಉಳಿಸಲು ಓಡಾಡುತ್ತಾರೆ. ಅಂಥವರಿಗೆ ಆಗುವುದಿಲ್ಲ ಎನ್ನುವುದು ಕಷ್ಟ. ಆದರೂ ಹೇಳಲೇಬೇಕು: ನಾಳಿದ್ದು ಎತ್ತುವ ಮರ ಬಹುಮಟ್ಟಿಗೆ ಬದುಕುವುದಿಲ್ಲ. ಅದನ್ನು ಎತ್ತುವ ಕೆಲಸ ಶುರುವಾಗಬೇಕಿದ್ದದ್ದು ಹೋದ ದೀಪಾವಳಿಯಲ್ಲಿ.

ತಪ್ಪು ತಿಳಿವಳಿಕೆ ಇರುವುದು ಒಂದೇ ಕಡೆ. ಕಾಂಡದ ಕೆಳಗೆ ಕಾಣುವ ದಪ್ಪ ಬೇರುಗಳೇ ಮರದ ಬೇರು, ಅವಿಷ್ಟನ್ನು ಮಣ್ಣಿನೊಂದಿಗೆ ಎತ್ತಿಕೊಂಡರೆ ಮರ ಪೂರ್ತಿ ಬಂದಂತೆ ಎಂದು ಜನ ನಂಬಿದ್ದಾರೆ. ದಪ್ಪ ಬೇರು ಮರವನ್ನು ಹಿಡಿದು ನಿಲ್ಲಿಸುತ್ತದೆ, ನೀರನ್ನು ಸಾಗಿಸುತ್ತದೆ. ಅದು ನೀರು ಹೀರುವುದು ತೀರಾ ಕಡಿಮೆ. ಹೀರುವ ಕೆಲಸ ದಾರದಷ್ಟು ತೆಳ್ಳಗಿನ ನಾರುಬೇರುಗಳದ್ದು. ಅವುಗಳಲ್ಲಿ ಹೆಚ್ಚಿನವು ಮೇಲಿನ ಒಂದು, ಒಂದೂವರೆ ಅಡಿ ಮಣ್ಣಿನಲ್ಲೇ ಇರುತ್ತವೆ. ಅದೂ ಕಾಂಡದ ಹತ್ತಿರವಲ್ಲ, ಕೊಂಬೆಗಳ ತುದಿಯ ನೇರಕ್ಕೆ ಮತ್ತು ಅದಕ್ಕಿಂತಲೂ ಆಚೆ. ಬೇರು 12 ಅಡಿ ಅಗಲಕ್ಕೆ ಹರಡಿರುವ ಮರದಿಂದ 3 ಅಡಿ ಅಗಲದ ಮಣ್ಣಿನ ಉಂಡೆ ತೆಗೆದರೆ, ಬೇರು ಹರಡಿದ ನೆಲದ ಹದಿನಾರನೇ ಒಂದು ಪಾಲು ಮಾತ್ರ ಜೊತೆಗೆ ಬರುತ್ತದೆ. ಆ ಪಾಲಿನಲ್ಲಿರುವುದೂ ಹೆಚ್ಚಾಗಿ ನೀರು ಹೀರದ ದಪ್ಪ ಬೇರು. ಎಲೆಗಳು ಮಾತ್ರ ನಿನ್ನೆಯಷ್ಟೇ ನೀರು ಕೇಳುತ್ತವೆ. ಮೂರು ದಿನದಲ್ಲಿ ಮರ ಜೋಲುಬಿದ್ದಾಗ ಮನೆಯವರು ಪೈಪ್ ಇಟ್ಟು ನೀರು ಬಿಡುತ್ತಾರೆ. ಕುಡಿಯುವ ಬಾಯೇ ಇಲ್ಲದಾಗ ಆ ನೀರು ಬುಡ ಕೊಳೆಸಲು ಮಾತ್ರ ಒದಗುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ಹೀರುವ ಬೇರುಗಳನ್ನು ಕಾಂಡದ ಹತ್ತಿರಕ್ಕೇ ಬರಿಸಿಕೊಂಡು, ಆಮೇಲೆ ಎತ್ತುವುದು. ಜೀವವಿರುವ ಬೇರನ್ನು ಚೊಕ್ಕಟವಾಗಿ ಕತ್ತರಿಸಿದರೆ ಗಾಯದ ಅಂಚಿನಿಂದಲೂ ಅದರ ಸ್ವಲ್ಪ ಹಿಂದಿನಿಂದಲೂ ಹೊಸ ಬೇರುಗಳು ಗೊಂಚಲಾಗಿ ಹೊರಡುತ್ತವೆ. ಮರ ಇದ್ದ ಜಾಗದಲ್ಲೇ ಇರುವಾಗ, ಉಳಿದರ್ಧ ಬೇರು ನೀರು ಕೊಡುತ್ತಿರುವಾಗಲೇ, ಈ ಗೊಂಚಲು ಮೂಡಬೇಕು.

ಈ ಮಾತು ಹೇಳಿದ ಕೂಡಲೇ ಬರುವ ಪ್ರಶ್ನೆ: "ಬೇರು ಕಡಿದುಬಿಟ್ರೆ ಮರ ಸಾಯಲ್ವಾ?" ಎತ್ತುವ ದಿನ ಈ ಬೇರುಗಳು ಹೇಗಿದ್ದರೂ ಕಡಿಯುತ್ತವೆ, ಸ್ವಾಮಿ. ಎಲ್ಲವೂ ಒಂದೇ ದಿನ ಹರಿದುಹೋಗಬೇಕೋ, ಎರಡು ಕಂತಿನಲ್ಲಿ ಮರಕ್ಕೆ ಸುಧಾರಿಸಿಕೊಳ್ಳಲು ಬಿಡುವು ಕೊಟ್ಟು ಕಡಿಯಬೇಕೋ ಎನ್ನುವುದಷ್ಟೇ ನಮ್ಮ ಕೈಯಲ್ಲಿರುವುದು.

ಅಳತೆಗೆ ದರ್ಜಿಯ ಟೇಪು ಸಾಕು. ನೆಲದಿಂದ ಅರ್ಧ ಅಡಿ ಮೇಲೆ ಕಾಂಡದ ಸುತ್ತಳತೆ ತೆಗೆದು ಮೂರೂವರೆಯಿಂದ ಗುಣಿಸಿ. ಸುತ್ತಳತೆ 10 ಇಂಚಿದ್ದರೆ ಮಣ್ಣಿನ ಉಂಡೆಯ ಅಗಲ 35 ಇಂಚು, ಅಂದರೆ ಹತ್ತಿರ ಹತ್ತಿರ 3 ಅಡಿ. ಆದರೆ ಕಂದಕವನ್ನು ಆ ಗೆರೆಗಿಂತ ಒಳಗೆ ತೋಡಬೇಕು. ಉಂಡೆಯ ಅಂಚು ಕಾಂಡದ ನಡುವಿನಿಂದ 18 ಇಂಚಿಗೆ ಬರುವುದಾದರೆ ಕಂದಕದ ಒಳ ಅಂಚು 15 ಇಂಚಿಗೆ ಇರಲಿ. ಹೊಸ ಬೇರು ಹುಟ್ಟುವುದು ಆ ಮೂರು ಇಂಚಿನಲ್ಲಿ. ಉಂಡೆಯ ಅಳತೆಗೇ ಸರಿಯಾಗಿ ಕಂದಕ ತೋಡಿದವರು ಆರು ತಿಂಗಳು ಕಾದು ಬರಿಸಿದ ಬೇರನ್ನೆಲ್ಲ ಎತ್ತುವ ದಿನ ಗುದ್ದಲಿಯಿಂದ ಕತ್ತರಿಸಿ ಬಿಸಾಡುತ್ತಾರೆ. ಇದು ಎಷ್ಟು ಸಲ ನಡೆಯುತ್ತದೆಂದರೆ, ಮೇಸ್ತ್ರಿಯ ಕೈಗೆ ಬಿಡದೆ ಮನೆಯವರೇ ಸುಣ್ಣದಲ್ಲಿ ಎರಡೂ ಗೆರೆ ಎಳೆದುಕೊಡಿ ಎನ್ನಬೇಕಾಗಿದೆ.

ಕಂದಕ ಒಂದು ಗುದ್ದಲಿ ಅಗಲ, ಒಂದೂವರೆಯಿಂದ ಎರಡು ಅಡಿ ಆಳ. ಸುತ್ತನ್ನು ಆರು ಭಾಗ ಮಾಡಿ ಮೊದಲ ಸಲ ಒಂದು ಬಿಟ್ಟು ಒಂದರಂತೆ ಮೂರು ಭಾಗ ಮಾತ್ರ ತೋಡಿ. ಪಿಕಾಸಿ ಮಣ್ಣಿಗೆ ಮಾತ್ರ. ಬೆರಳಿಗಿಂತ ದಪ್ಪ ಬೇರು ಸಿಕ್ಕರೆ ಗರಗಸ, ತೆಳ್ಳಗಿನದಕ್ಕೆ ಗಿಡ ಕತ್ತರಿ. ಜಜ್ಜಿದ, ಸೀಳಿದ ತುದಿಯಲ್ಲಿ ಬೇರು ಬರುವುದಕ್ಕಿಂತ ಕೊಳೆ ಬರುವುದು ಹೆಚ್ಚು. ಕಡ್ಡಿ ದಪ್ಪಕ್ಕಿಂತ ಮೀರಿದ ಗಾಯಗಳಿಗೆ ಬೋರ್ಡೋ ಪೇಸ್ಟ್ ಬಳಿಯಿರಿ: 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, ಎರಡನ್ನೂ ಪ್ಲಾಸ್ಟಿಕ್ ಬಕೆಟಿನಲ್ಲಿ ಬೇರೆ ಬೇರೆಯಾಗಿ ನೆನೆಸಿ ಬೆರೆಸಿದಾಗ ಒಟ್ಟು ಒಂದು ಲೀಟರ್ ನೀರು. ಕಬ್ಬಿಣದ ಪಾತ್ರೆ ಬೇಡ, ಮೈಲುತುತ್ತ ಅದನ್ನು ತಿನ್ನುತ್ತದೆ. ತೆಗೆದ ಮಣ್ಣಿಗೆ ಮೂರನೇ ಒಂದು ಪಾಲು ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ ಸೇರಿಸಿ ಕಂದಕ ಮುಚ್ಚಿ. ನಮ್ಮ ಕೆಂಪು ಮಣ್ಣಿನಲ್ಲಿ ಗೆದ್ದಲಿನ ಕಾಟವಿರುವುದರಿಂದ ಅರ್ಧ ಕಿಲೋ ಬೇವಿನ ಹಿಂಡಿಯೂ ಇರಲಿ. ಆಮೇಲೆ ಆ ಜಾಗ ಒಣಗಕೂಡದು. ವಾರಕ್ಕೆ ಎರಡು ಸಲ, ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ ಎರಡು ಬಿಂದಿಗೆ ನೀರು, ಮೇಲೆ ಕಬ್ಬಿನ ತರಗೋ ತೆಂಗಿನ ಗರಿಯೋ ಹೊದಿಕೆ. ಒಣ ಮಣ್ಣಿನಲ್ಲಿ ಬೇರು ಮೂಡುವುದಿಲ್ಲ.

ಕಾಲದ ಲೆಕ್ಕ ಹೀಗೆ ಇಟ್ಟುಕೊಳ್ಳಬಹುದು. ದೀಪಾವಳಿ ಕಳೆದು ಹಿಂಗಾರು ತಗ್ಗಿದಾಗ, ನೆಲದಲ್ಲಿ ಇನ್ನೂ ಹಸಿ ಇರುವಾಗಲೇ ಮೊದಲ ಮೂರು ಭಾಗ. ಸಂಕ್ರಾಂತಿಯಿಂದ ಶಿವರಾತ್ರಿಯೊಳಗೆ ಉಳಿದ ಮೂರು. ಎತ್ತುವುದು ಮೃಗಶಿರಾ ಅಥವಾ ಆರಿದ್ರಾ ಮಳೆಯಲ್ಲಿ, ಜೂನ್ ಎರಡನೇ ವಾರದಿಂದ ಜುಲೈ ಮೊದಲ ವಾರದೊಳಗೆ, ಮೋಡ ಕವಿದ ದಿನ ನೋಡಿಕೊಂಡು. ಅಷ್ಟು ಸಮಯವಿಲ್ಲದವರಿಗೆ ನಿಂಬೆ, ದಾಳಿಂಬೆ, ಸೀಬೆ, ಅಂಜೂರದಲ್ಲಿ ಎಂಟು ವಾರ ಸಾಕಾಗಬಹುದು. ಮಾವು, ಸಪೋಟಕ್ಕೆ ನಾಲ್ಕು ತಿಂಗಳಿಗಿಂತ ಕಡಿಮೆ ಎಂದರೆ ಭರವಸೆ ಕೊಡಲಾಗದು. ಕಾಂಡ ಆರು ಇಂಚಿಗಿಂತ ದಪ್ಪವಾದ ಮಾವು, ಚೆನ್ನಾಗಿ ಬೆಳೆದ ಹಲಸು, ಬೆಣ್ಣೆ ಹಣ್ಣು, ಇವುಗಳ ಆಸೆ ಬಿಡುವುದು ಒಳ್ಳೆಯದು. ಪರಂಗಿ ಕೀಳುವ ಶ್ರಮದಲ್ಲಿ ನಾಲ್ಕು ಹೊಸ ಸಸಿ ನೆಡಬಹುದು. ತೆಂಗಿನ ಲೆಕ್ಕವೇ ಬೇರೆ. ಅದರ ಬುಡದಿಂದ ಹೊಸ ಬೇರು ಬರುತ್ತಲೇ ಇರುವುದರಿಂದ ಈ ಕಂದಕದ ಕ್ರಮ ಅದಕ್ಕೆ ಬೇಡ.

ಎತ್ತುವ ಎರಡು ದಿನ ಮುಂಚೆ ಬುಡಕ್ಕೆ ತೊಯ್ಯುವಂತೆ ನೀರು ಕೊಡಿ. ಒಣಗಿದ ಕೆಂಪು ಮಣ್ಣು ಉಂಡೆಯಾಗಿ ನಿಲ್ಲದು, ಅಂದೇ ನೀರು ಹಾಕಿದರೆ ಕೆಸರಾಗಿ ಜಾರುತ್ತದೆ. ಕಾಯಿ, ಹೂವು ಇದ್ದರೆ ಎಲ್ಲ ಕಿತ್ತುಬಿಡಿ. ಕೊಂಬೆ ಸವರುವಾಗ ಮೂರನೇ ಒಂದು ಪಾಲಿಗೆ ಮೀರಬೇಡಿ. ಒಣಗಿದ್ದು, ಒಂದಕ್ಕೊಂದು ಉಜ್ಜುವುದು, ಒಳಗೆ ದಟ್ಟವಾದದ್ದು ಮೊದಲು ಹೋಗಲಿ. ಪೂರ್ತಿ ಬೋಳಿಸಿದ ಮರಕ್ಕೆ ಹೊಸ ಬೇರು ಬರಿಸಲು ಬೇಕಾದ ಆಹಾರ ಕೊಡುವ ಎಲೆಯೇ ಉಳಿಯುವುದಿಲ್ಲ.

18 ಇಂಚಿನ ಗೆರೆಯ ಹೊರಗೆ ಅಗೆದು, ಉಂಡೆ ಕೆಳಕ್ಕೆ ಹೋಗುತ್ತಾ ಕಿರಿದಾಗುವಂತೆ ಕೆತ್ತಿ, ಸೆಣಬಿನ ಗೋಣಿ ಸುತ್ತಿ ದಬ್ಬಳದಲ್ಲಿ ಹೊಲಿಯಿರಿ. ಆಮೇಲೆ ತಳದ ಬೇರು ಗರಗಸದಿಂದ ಕತ್ತರಿಸಿ. ಒಂದು ಘನ ಅಡಿ ಹಸಿ ಮಣ್ಣು ಸುಮಾರು 50 ಕಿಲೋ ತೂಗುತ್ತದೆ. 3 ಅಡಿ ಅಗಲ, 2 ಅಡಿ ಆಳದ ಉಂಡೆ ಅರ್ಧ ಟನ್ ಹತ್ತಿರ ಬರುತ್ತದೆ. ಇಬ್ಬರು ಆಳು ಸಾಕು ಎನ್ನುವ ಕಂಟ್ರಾಕ್ಟರ್ ಮಾತು ನಂಬಿದರೆ ಅವರು ಉಂಡೆಯನ್ನು ಅರ್ಧ ಕೆಡವಿಯೇ ಎತ್ತುವುದು. ಹಲಗೆ ಹಾಸಿ ಇಳಿಜಾರು ಮಾಡಿ ಎಳೆಯಿರಿ, ಇಲ್ಲವೇ ಹೈಡ್ರಾ ಕ್ರೇನ್ ತರಿಸಿ. ಪಟ್ಟಿ ಉಂಡೆಯ ಅಡಿಯಿಂದ ಬರಬೇಕು. ಕಾಂಡಕ್ಕೆ ಹಗ್ಗ ಬಿಗಿದು ಎತ್ತಿದರೆ ತೊಗಟೆ ಸುಲಿಯುತ್ತದೆ, ಒಳಗೆ ಬೇರು ಮಣ್ಣಿನಿಂದ ಕಳಚಿಕೊಳ್ಳುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ.

ಗುಂಡಿ ಉಂಡೆಯ ಎರಡರಷ್ಟು ಅಗಲ, ಆಳ ಮಾತ್ರ ಉಂಡೆಯಷ್ಟೇ. ಕಸಿ ಸಸಿಗೆ ತೋಡುವ ಮೂರಡಿ ಗುಂಡಿಯ ಅಭ್ಯಾಸದಲ್ಲಿ ಇಲ್ಲೂ ಆಳ ತೋಡಿ ಸಡಿಲ ಮಣ್ಣು ತುಂಬಿ ಮರ ಇಟ್ಟರೆ, ಎರಡು ಮಳೆಗೆ ಅದು ಕುಸಿದು ಕಸಿ ಗಂಟು, ಅಂದರೆ ಬುಡದಲ್ಲಿ ಕಸಿ ಕೂಡಿದ ಜಾಗ, ಮಣ್ಣಿನೊಳಗೆ ಹೋಗುತ್ತದೆ. ನಿಂಬೆ ಜಾತಿಗೆ ಅಲ್ಲಿಂದಲೇ ಬುಡ ಕೊಳೆತು ಅಂಟು ಸೋರುವ ರೋಗ ಹತ್ತುತ್ತದೆ. ಉಂಡೆ ಅಲುಗದ ಗಟ್ಟಿ ನೆಲದ ಮೇಲೆ ಕೂರಬೇಕು, ಅದರ ಮೇಲ್ಮೈ ನೆಲದಿಂದ ಎರಡು ಇಂಚು ಎತ್ತರಕ್ಕಿರಬೇಕು. ಮಂಡ್ಯ ಕಡೆ ವಿಶ್ವೇಶ್ವರಯ್ಯ ನಾಲೆ ಬಯಲಿನಲ್ಲಿ ಮನೆ ಇರುವವರು ಇನ್ನೂ ಎಚ್ಚರವಾಗಿರಬೇಕು. ನಾಲೆಗೆ ನೀರು ಬಿಟ್ಟಾಗ ನೆಲದಡಿಯ ನೀರು ಮೇಲೇರುವ ಕಡೆ ಒಂದಡಿ ದಿಬ್ಬ ಮಾಡಿ ಅದರ ಮೇಲೆ ನೆಡುವುದೇ ಸರಿ. ಊರಿನೊಳಗಿನ ಸೈಟುಗಳಲ್ಲಿ ಹಿತ್ತಲ ಮಣ್ಣೆಂದರೆ ಸಿಮೆಂಟು, ಗಾರೆ, ಇಟ್ಟಿಗೆ ಚೂರು ಬೆರೆತದ್ದು. ಅದರಲ್ಲಿನ ಸುಣ್ಣದಂಶದಿಂದ ಕಬ್ಬಿಣದ ಕೊರತೆಯಾಗಿ ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಗುಂಡಿಯಲ್ಲಿ ಅಂಥದ್ದು ಸಿಕ್ಕರೆ ಆಯ್ದು ತೆಗೆದು ಬೇರೆ ಮಣ್ಣು ತರಿಸಿ. ಮರ ಇಟ್ಟ ಮೇಲೆ ಗೋಣಿಯನ್ನು ಮೇಲರ್ಧ ಬಿಡಿಸಿ ಕತ್ತರಿಸಿ, ತಳದ್ದು ಕೊಳೆಯುತ್ತದೆ. ಯೂರಿಯಾ ಚೀಲ ಸುತ್ತಿದ್ದರೆ ಪೂರ್ತಿ ತೆಗೆಯಲೇಬೇಕು. ಹಸಿ ಸಗಣಿ, ರಾಸಾಯನಿಕ ಗೊಬ್ಬರ ಎರಡೂ ಗುಂಡಿಗೆ ಬೇಡ. ಆಷಾಢದ ಗಾಳಿಗೆ ಮರ ಅಲುಗಿದರೆ ಎಳೆ ಬೇರು ತುಂಡಾಗುತ್ತದೆ, ಹಾಗಾಗಿ ಮೂರು ದಿಕ್ಕಿಗೆ ಗೂಟ ಹೊಡೆದು ಹಳೆಯ ಸೈಕಲ್ ಟ್ಯೂಬ್ ಸುತ್ತಿ ಹಗ್ಗ ಕಟ್ಟಿ. ಒಂದು ವರ್ಷದೊಳಗೆ ಬಿಚ್ಚಿಬಿಡಿ.

ನೀರಿನಲ್ಲಿ ಒಂದು ಸೂಕ್ಷ್ಮವಿದೆ. ಸುತ್ತಲಿನ ಸಡಿಲ ಮಣ್ಣಿಗೆ ಸುರಿದ ನೀರು ಗಟ್ಟಿ ಉಂಡೆಯೊಳಗೆ ಹೋಗದೆ ಪಕ್ಕದಲ್ಲೇ ಇಳಿದುಹೋಗುತ್ತದೆ. ಮೊದಲ ತಿಂಗಳು ಪಾತಿ ಉಂಡೆಯಷ್ಟೇ ಅಗಲವಿರಲಿ, ನೀರು ಉಂಡೆಯ ಮೇಲೇ ಬೀಳಲಿ. ನೆಟ್ಟ ದಿನ ನಾಲ್ಕು ಬಿಂದಿಗೆ, ಆಮೇಲೆ ಎರಡು ವಾರ ದಿನ ಬಿಟ್ಟು ದಿನ ಎರಡು ಬಿಂದಿಗೆ, ನಂತರ ವಾರಕ್ಕೆ ಎರಡು ಸಲ. ಮಳೆ ಬಂದಿದ್ದರೂ ಕಡ್ಡಿ ಚುಚ್ಚಿ ನೋಡಿ. ನಾಲ್ಕು ಇಂಚು ಆಳದಲ್ಲಿ ತೇವವಿದ್ದರೆ ಅಂದು ನೀರು ಬೇಡ. ಮುಂದಿನ ಬೇಸಿಗೆ ಮುಗಿಯುವವರೆಗೂ ಮರ ನಿಮ್ಮ ಕೈ ನೀರನ್ನೇ ನಂಬಿರುತ್ತದೆ.

ಎಲೆ ಉದುರಿತೆಂದು ಮೂರನೇ ವಾರದಲ್ಲಿ ಕಡಿಸಬೇಡಿ. ಎಲೆ ಹಳದಿಯಾಗಿ ತಾನೇ ಉದುರಿದರೆ ರೆಂಬೆಗೆ ಜೀವವಿದೆ ಎಂದು ನಂಬಬಹುದು. ಒಣಗಿ ಕಂದಾದ ಎಲೆ ಉದುರದೆ ರೆಂಬೆಗೇ ಅಂಟಿಕೊಂಡಿದ್ದರೆ ಆ ರೆಂಬೆ ಬಹುಶಃ ಸತ್ತಿದೆ. ಉಗುರಿನಲ್ಲಿ ತೊಗಟೆ ಕೆರೆದು ಹಸಿರು ಕಾಣುತ್ತದೆಯೇ ನೋಡಿ, ತುದಿಯಿಂದ ಶುರುಮಾಡಿ ಕೆಳಗಿನವರೆಗೆ. ಹಸಿರು ಇರುವವರೆಗೆ ಮೂರು ತಿಂಗಳು ಕಾಯಬೇಕು. ಎಲೆ ಕಳೆದುಕೊಂಡ ಕಾಂಡಕ್ಕೆ ಬಿಸಿಲು ನೇರ ಬೀಳುವುದರಿಂದ ಸುಣ್ಣ ಬಳಿಯಿರಿ. ಎರಡು ಸಲ ಚಿಗುರು ಬಂದು ಬಲಿತ ಮೇಲೆ ಗೊಬ್ಬರದ ಮಾತು. ಮೊದಲ ವರ್ಷ ಬಂದ ಹೂವನ್ನೆಲ್ಲ ತೆಗೆಯಿರಿ.

ಇಷ್ಟೆಲ್ಲ ಓದಿದ ಮೇಲೂ ಜೆಸಿಬಿ ನಾಳಿದ್ದೇ ಬರುವುದಿದ್ದರೆ, ಮರ ಬಿಟ್ಟು ಅದರ ತಳಿ ಉಳಿಸಿಕೊಳ್ಳಿ. ಅಪ್ಪಾಜಿ ಹಾಕಿದ ಮರದ ಹಣ್ಣು ಅದೇ ರುಚಿಯಲ್ಲಿ ಬೇಕಿದ್ದರೆ ಕಸಿ ಕಡ್ಡಿ ಸಾಕು. ಮಾವಿನದಾದರೆ ಮೂರು ನಾಲ್ಕು ತಿಂಗಳು ಬಲಿತ, ಪೆನ್ಸಿಲ್ ದಪ್ಪದ, ತುದಿಮೊಗ್ಗು ಉಬ್ಬಿದ ಆರು ಇಂಚಿನ ಕಡ್ಡಿಗಳನ್ನು ಬೆಳಿಗ್ಗೆ ಬಿಸಿಲೇರುವ ಮುಂಚೆ ಕತ್ತರಿಸಿ, ಎಲೆಯ ತೊಟ್ಟು ಬಿಟ್ಟು ಎಲೆ ಸವರಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಅದೇ ದಿನ ಕಸಿ ಕಟ್ಟುವ ನರ್ಸರಿಗೆ ಮುಟ್ಟಿಸಿ. ಸಪೋಟಕ್ಕೂ ಕಡ್ಡಿ ಕೊಡಬಹುದು, ಆದರೆ ಅದನ್ನು ಖಿರ್ನಿ (ಸಪೋಟದ ಹತ್ತಿರದ ಜಾತಿಯ ಮರ) ಸಸಿಯ ಮೇಲೆ ಕಟ್ಟುವವರನ್ನು ಮೊದಲೇ ವಿಚಾರಿಸಿಟ್ಟುಕೊಳ್ಳಿ. ಹತ್ತು ಕಡ್ಡಿ ಕೊಡಿ, ಎಲ್ಲವೂ ಹಿಡಿಯುವುದಿಲ್ಲ. ನಿಂಬೆ, ಸೀಬೆ, ದಾಳಿಂಬೆಗಾದರೆ ಮಳೆಗಾಲದಲ್ಲಿ ಗೂಟಿ ಕಟ್ಟಿ, ಅಂದರೆ ಮರದಲ್ಲಿರುವ ರೆಂಬೆಯ ತೊಗಟೆ ಉಂಗುರದಂತೆ ತೆಗೆದು ಅಲ್ಲಿಗೆ ಒದ್ದೆ ಪಾಚಿ ಸುತ್ತಿ, ಬೇರು ಬರಲು ಎರಡು ತಿಂಗಳು ಕಾಯಬೇಕು. ಅದಕ್ಕೆ ಪಾಯದವರನ್ನು ಒಪ್ಪಿಸಿ, ಆ ಮೂಲೆಯನ್ನು ಕೊನೆಗೆ ತೆಗೆಯುವಂತೆ ಹೇಳಿ ನೋಡಿ. ಕೇಳಿದರೆ ಹೆಚ್ಚಿನ ಮೇಸ್ತ್ರಿಗಳು ಒಪ್ಪುತ್ತಾರೆ.