ಸ್ಟಾಕ್ ಇನ್ನೂ ಗಿಡದಲ್ಲೇ ಇದೆ

ರೈತರಿಂದ ನೇರವಾಗಿ ಕೊಳ್ಳುವ ವೆಬ್ ಆ್ಯಪ್ ಮಾಡಿಸಬೇಕು ಎಂದು ಬರುವವರು ಸಾಮಾನ್ಯವಾಗಿ ಮೊದಲು ತೋರಿಸುವುದು ಗ್ರಾಹಕರ ಪರದೆಯನ್ನು. ದೊಡ್ಡ ಫೋಟೊ, ಕಾರ್ಟ್, ಹುಡುಕುವ ಜಾಗ, ಎಲ್ಲ ಚೆನ್ನಾಗಿಯೇ ಇರುತ್ತದೆ. ರೈತರು ಮಾಲಿನ ಪ್ರಮಾಣ ತುಂಬುವ ಪರದೆ ಎಲ್ಲಿ ಅಂತ ಕೇಳಿದರೆ ಮಾತ್ರ ಉತ್ತರ ತಡವಾಗುತ್ತದೆ. ‘ಅದು ಅಡ್ಮಿನ್ ಪ್ಯಾನೆಲ್‌ನಲ್ಲಿ ಇರುತ್ತೆ, ಆಮೇಲೆ ಮಾಡೋಣ’ ಅನ್ನುತ್ತಾರೆ. ನನ್ನ ಪ್ರಕಾರ ಮೊದಲು ಮಾಡಬೇಕಾದದ್ದೇ ಅದು.

ಉಳಿದ ಆನ್‌ಲೈನ್ ಅಂಗಡಿಗಳ ಮಾಲು ಗೋದಾಮಿನಲ್ಲಿರುತ್ತದೆ. ಹೋಗಿ ಎಣಿಸಬಹುದು. ಇಲ್ಲಿ ಮಾರಾಟಕ್ಕಿಟ್ಟ ಮಾಲು ಇನ್ನೂ ಗಿಡದಲ್ಲೇ ಇದೆ. ರೈತರು ಗುರುವಾರ ‘ಟೊಮೆಟೊ 40 ಕಿಲೊ’ ಎಂದು ಹಾಕಿದರೆ ಅದು ಅಂದಾಜು ಅಷ್ಟೇ. ರಾತ್ರಿ ಜೋರು ಮಳೆ ಹೊಡೆದರೆ ಶನಿವಾರ ಕೈಗೆ ಸಿಗುವುದು 24 ಆಗಬಹುದು. ಎರಡು ದಿನ ಬಿಸಿಲು ಕಾಯ್ದರೆ ಎಲ್ಲ ಒಟ್ಟಿಗೆ ಹಣ್ಣಾಗಿ 60 ಕಿಲೊ ಬಂದರೂ ಬಂತು. ಉತ್ಪನ್ನದ ಪಕ್ಕದಲ್ಲಿ ‘ಸ್ಟಾಕ್’ ಎಂದು ಒಂದೇ ಕಾಲಂ ಇಟ್ಟುಕೊಂಡ ಸಾಫ್ಟ್‌ವೇರ್‌ಗೆ ಇದೆಲ್ಲ ಅರ್ಥವಾಗುವುದಿಲ್ಲ.

ಅದಕ್ಕೇ ನಾನು ಸ್ಟಾಕನ್ನು ಉತ್ಪನ್ನಕ್ಕೆ ಕಟ್ಟುವುದಿಲ್ಲ, ಕೊಯ್ಲಿಗೆ ಕಟ್ಟುತ್ತೇನೆ. ಪ್ರತಿ ಕೊಯ್ಲಿಗೆ ಡೇಟಾಬೇಸ್‌ನಲ್ಲಿ ಒಂದು ಸಾಲು. ಅದರಲ್ಲಿ ತಾರೀಖು, ಅಂದಾಜು, ಮಾರಾಟಕ್ಕೆ ಬಿಟ್ಟದ್ದು, ಬುಕ್ ಆದದ್ದು, ನಿಜವಾಗಿ ಕೊಯ್ದು ತೂಗಿದ್ದು. 40 ಕಿಲೊ ಅಂದಾಜಿದ್ದರೆ ಶುರುವಿನಲ್ಲಿ 32 ಮಾತ್ರ ಮಾರಾಟಕ್ಕೆ ಬಿಡುವುದು ಒಳ್ಳೆಯದು. ಕೆಲವು ವಾರ ಕಳೆದ ಮೇಲೆ ಅಂದಾಜಿಗೂ ತೂಕಕ್ಕೂ ಎಷ್ಟು ವ್ಯತ್ಯಾಸ ಬರುತ್ತಿದೆ ಎಂದು ಆ ಸಾಲುಗಳೇ ಹೇಳುತ್ತವೆ. ಒಬ್ಬರು ಯಾವಾಗಲೂ ಕಡಿಮೆಯೇ ಹೇಳುತ್ತಾರೆ, ಇನ್ನೊಬ್ಬರಿಗೆ ಸೊಪ್ಪಿನ ಅಂದಾಜು ಸರಿ, ಹಣ್ಣಿನದು ತಪ್ಪು. ಆಗ ಎಲ್ಲರಿಗೂ ಒಂದೇ 80 ಪರ್ಸೆಂಟ್ ಹಾಕುವ ಅಗತ್ಯ ಇರುವುದಿಲ್ಲ.

ಇಷ್ಟಾದರೂ ಕೆಲವು ಸಲ ಕಡಿಮೆ ಬೀಳುತ್ತದೆ. ಆಗ ಯಾರಿಗೆ ಕೊಡುವುದು, ಯಾರಿಗೆ ಬಿಡುವುದು? ಎಲ್ಲರಿಗೂ ಸಮವಾಗಿ ಕಡಿತ ಮಾಡುವುದು ನ್ಯಾಯ ಅನ್ನಿಸುತ್ತದೆ, ಅಲ್ವಾ? ಆದರೆ ಹಾಗೆ ಮಾಡಿದರೆ ಬೇಸರ ಎಲ್ಲರಿಗೂ ಆಗುತ್ತದೆ. ಮುಕ್ಕಾಲು ಕಿಲೊ ತಗೊಂಡು ಅಡುಗೆ ಮುಗಿಸಲಾಗದವರೇ ಜಾಸ್ತಿ. ಮೊದಲು ಬುಕ್ ಮಾಡಿದವರಿಗೆ ಪೂರ್ತಿ ಕೊಡುವುದೇ ವಾಸಿ. ಆರ್ಡರ್ ಮಾಡುವಾಗಲೇ ‘ಕಡಿಮೆ ಬಂದರೆ ಇದ್ದಷ್ಟು ಸಾಕು’ ಅಥವಾ ‘ಪೂರ್ತಿ ಇಲ್ಲದಿದ್ದರೆ ಬೇಡ’ ಎಂದು ಗ್ರಾಹಕರಿಂದ ಕೇಳಿಟ್ಟುಕೊಳ್ಳಿ. ಆ ಒಂದು ಟಿಕ್ ಎಷ್ಟೋ ಫೋನ್ ಕರೆ ಉಳಿಸುತ್ತದೆ.

ತೂಕ ಮೊದಲೇ ಗೊತ್ತಿಲ್ಲ ಅಂದಮೇಲೆ ಬಿಲ್ಲೂ ಗೊತ್ತಿಲ್ಲ. ಕಾರ್ಡ್ ಪಾವತಿಯಲ್ಲಿ ಇದಕ್ಕೆ ದಾರಿ ಇದೆ: ಆರ್ಡರ್ ಆದಾಗ ಹಣ ತಡೆಹಿಡಿದು, ತೂಗಿದ ಮೇಲೆ ನಿಜವಾದ ಮೊತ್ತ ಮಾತ್ರ ತೆಗೆದುಕೊಳ್ಳುವುದು. ತಡೆಹಿಡಿದದ್ದಕ್ಕಿಂತ ಹೆಚ್ಚು ತೆಗೆದುಕೊಳ್ಳಲು ಸಾಮಾನ್ಯವಾಗಿ ಬಿಡುವುದಿಲ್ಲ, ಹಾಗಾಗಿ ಸ್ವಲ್ಪ ಜಾಸ್ತಿಯೇ ತಡೆಹಿಡಿಯಬೇಕು. ಈ ತಡೆಗೆ ಅವಧಿಯೂ ಇರುತ್ತದೆ. ತಿಂಗಳ ಮುಂಚಿನ ಬುಕಿಂಗ್‌ಗೆ ಇದು ಆಗಿಬರುವುದಿಲ್ಲ. ಮೊತ್ತವನ್ನು ದಶಮಾಂಶದಲ್ಲಿ ಇಡಬೇಡಿ. ಜಾವಾಸ್ಕ್ರಿಪ್ಟ್‌ನಲ್ಲಿ 0.1ಕ್ಕೆ 0.2 ಕೂಡಿಸಿ ನೋಡಿ, 0.30000000000000004 ಬರುತ್ತದೆ. ಹಣದ ಅತಿ ಚಿಕ್ಕ ಘಟಕದಲ್ಲಿ, ಪೂರ್ಣಾಂಕದಲ್ಲಿ ಇಟ್ಟರೆ ಈ ತಲೆನೋವಿಲ್ಲ. ತೂಕವೂ ಅಷ್ಟೇ, ಗ್ರಾಂನಲ್ಲಿ ಇಡಿ.

ಉಳಿದ ಎರಡು ಕಿಲೊಗೆ ಇಬ್ಬರು ಒಂದೇ ಕ್ಷಣ ಕ್ಲಿಕ್ ಮಾಡುವುದೂ ಉಂಟು. ಮೊದಲು ಓದಿ, ಇದೆಯೇ ನೋಡಿ, ಆಮೇಲೆ ಕಳೆಯುವ ಕೋಡ್ ಇದ್ದರೆ ಇಬ್ಬರಿಗೂ ಮಾರಿಬಿಡುತ್ತದೆ. ‘ಎರಡು ಕಿಲೊ ಅಥವಾ ಹೆಚ್ಚು ಇದ್ದರೆ ಮಾತ್ರ ಎರಡು ಕಳೆ’ ಎಂದು ಡೇಟಾಬೇಸ್‌ಗೆ ಕೊಡುವ ಒಂದೇ ಅಪ್‌ಡೇಟ್ ಆದೇಶದಲ್ಲಿ ಬರೆಯಿರಿ. ಯಾವ ಸಾಲೂ ಬದಲಾಗಲಿಲ್ಲ ಅಂದರೆ ಮಾಲು ಮುಗಿದಿದೆ ಎಂದರ್ಥ.

ಈಗ ರೈತರ ಪರದೆ. ಅವರು ಅದನ್ನು ತೆರೆಯುವುದು ಬಿಸಿಲಲ್ಲಿ, ಮಣ್ಣಿನ ಕೈಯಲ್ಲಿ, ಸಿಗ್ನಲ್ ಸರಿಯಿಲ್ಲದ ಕಡೆ. ಹೋದ ವಾರದ ಪಟ್ಟಿ ತಾನಾಗಿ ಬಂದು ಕೂರಬೇಕು, ಅವರು ಅಂಕಿ ಮಾತ್ರ ಬದಲಾಯಿಸಬೇಕು. ಬದಲಾಯಿಸಿದ್ದು ಮೊದಲು ಇಂಡೆಕ್ಸ್ಡ್‌ಡಿಬಿಯಲ್ಲಿ, ಅಂದರೆ ಫೋನಿನಲ್ಲೇ ಇರುವ ಬ್ರೌಸರ್‌ನ ಡೇಟಾ ಸಂಗ್ರಹದಲ್ಲಿ ಉಳಿಯಬೇಕು, ಸಿಗ್ನಲ್ ಬಂದಾಗ ಸರ್ವರ್‌ಗೆ ಹೋಗಬೇಕು. ಹಿನ್ನೆಲೆಯಲ್ಲೇ ಕಳಿಸುವ ಬ್ಯಾಕ್‌ಗ್ರೌಂಡ್ ಸಿಂಕ್ ಎಲ್ಲ ಬ್ರೌಸರ್‌ಗಳಲ್ಲೂ ಇಲ್ಲ. ಹಾಗಾಗಿ ಆ್ಯಪ್ ಮತ್ತೆ ತೆರೆದಾಗಲೂ ಒಂದು ಪ್ರಯತ್ನ ಇರಲಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ರೈತರು ಹೊಲದಲ್ಲಿ ನಿಂತು 40ನ್ನು 24 ಮಾಡಿದರು. ಅದು ಸರ್ವರ್ ತಲುಪುವಷ್ಟರಲ್ಲಿ 30 ಕಿಲೊ ಬುಕ್ ಆಗಿದೆ. ‘ಬುಕ್ ಆದದ್ದಕ್ಕಿಂತ ಕಡಿಮೆ ಮಾಡುವಂತಿಲ್ಲ’ ಎಂದು ಸರ್ವರ್ ತಿರಸ್ಕರಿಸುವಂತೆ ಬರೆಯುವವರೇ ಹೆಚ್ಚು. ಆದರೆ ಗಿಡದಲ್ಲಿ ಇರುವುದೇ 24. ಸರ್ವರ್ ಒಪ್ಪದಿದ್ದರೆ ಉಳಿದ ಆರು ಕಿಲೊ ಹುಟ್ಟುತ್ತದೆಯೇ? 24ನ್ನು ಒಪ್ಪಿಕೊಳ್ಳಿ, ಆರು ಕಿಲೊ ಕೊರತೆ ಎಂದು ಗುರುತು ಹಾಕಿ, ಕೊನೆಯಲ್ಲಿ ಬುಕ್ ಮಾಡಿದವರಿಗೆ ಕೂಡಲೇ ಸಂದೇಶ ಕಳಿಸಿ.

ಹತ್ತಿರದ ರೈತರನ್ನು ಹುಡುಕುವ ಭಾಗ ಕಷ್ಟದ್ದು ಅಂತ ತುಂಬ ಜನ ಅಂದುಕೊಂಡಿರುತ್ತಾರೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಜೊತೆ, ಜಾಗ ಮತ್ತು ದೂರದ ಲೆಕ್ಕ ಮಾಡುವ ಪೋಸ್ಟ್‌ಜಿಐಎಸ್ ಎಂಬ ವಿಸ್ತರಣೆ ಹಾಕಿದರೆ ಆ ಕೆಲಸ ಬಹುಪಾಲು ಮುಗಿಯುತ್ತದೆ. ಆದರೆ ಅದು ಹೇಳುವುದು ನೇರ ಗೆರೆಯ ದೂರ, ನಡುವೆ ನದಿ ಇದ್ದರೆ ರಸ್ತೆಯ ದೂರ ಬೇರೆಯೇ. ಹೊಲದ ಪಕ್ಕದಲ್ಲೇ ರೈತರ ಮನೆಯೂ ಇರುತ್ತದೆ ಎಂಬುದನ್ನು ಮರೆಯಬೇಡಿ. ಆರ್ಡರ್ ಖಚಿತವಾಗುವವರೆಗೆ ನಕ್ಷೆಯಲ್ಲಿ ನಿಖರವಾದ ಜಾಗ ತೋರಿಸಬೇಡಿ. ಅಕ್ಷಾಂಶ, ರೇಖಾಂಶಗಳನ್ನು ಎರಡು ದಶಮಾಂಶ ಸ್ಥಾನಕ್ಕೆ ಇಳಿಸಿದರೆ ಜಾಗ ಸುಮಾರು ಒಂದು ಕಿಲೊಮೀಟರಿನಷ್ಟು ಮಸುಕಾಗುತ್ತದೆ, ಅಷ್ಟು ಸಾಕು.

ಮನೆ ಬಾಗಿಲಿಗೆ ಡೆಲಿವರಿ, ಸ್ಟಾರ್ ರೇಟಿಂಗ್, ಚಾಟ್ ಎಲ್ಲ ಮೊದಲ ಆವೃತ್ತಿಗೆ ಬೇಡ. ವಾರಕ್ಕೊಂದು ದಿನ, ಎಲ್ಲರೂ ಬಂದು ಒಯ್ಯುವ ಒಂದು ಜಾಗ, ಕೊಯ್ಲಿನ ಹಿಂದಿನ ದಿನ ಆರ್ಡರ್ ನಿಲ್ಲಿಸುವ ಒಂದು ಸಮಯ. ಆ ಸಮಯ ಆದ ಕೂಡಲೇ ರೈತರ ಫೋನಿಗೆ ಎಷ್ಟು ಕೊಯ್ಯಬೇಕು ಎನ್ನುವ ಪಟ್ಟಿ ಹೋಗಲಿ. ಅದನ್ನು ಎಸ್ಸೆಮ್ಮೆಸ್‌ನಲ್ಲೇ ಕಳಿಸಿ, ಇಂಟರ್‌ನೆಟ್ ಇಲ್ಲದಿದ್ದರೂ ತಲುಪುತ್ತದೆ.