ಮೊದಲು ತೊಲೆ, ಕೊನೆಗೆ ಒಲೆ

ಲಾರಿ ಬಂದು ನಿಂತ ಕೂಡಲೇ ಒಂದು ಹಿಡಿ ಮರದ ಚಕ್ಕೆ ತೆಗೆದು ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡುತ್ತೇನೆ. ಅಂಗೈ ಒದ್ದೆಯಾದರೆ ಆ ಲೋಡಿನ ಬಗ್ಗೆ ಜಗಳ ಗ್ಯಾರಂಟಿ. ತೇವ ಅಳೆಯುವ ಮೀಟರ್ ಇದೆ, ಓವನ್‌ನಲ್ಲಿ ಒಣಗಿಸಿ ತೂಗುವ ಕ್ರಮವೂ ಇದೆ. ಆದರೂ ಮೊದಲ ತೀರ್ಪು ಅಂಗೈಯದೇ.

ಇಟಲಿಯ ಉತ್ತರದಲ್ಲಿ, ತ್ರೆಂತೊ ಪ್ರಾಂತ್ಯದ ಆಲ್ಪ್ಸ್ ಕಣಿವೆಗಳಲ್ಲಿ, ಮರ ಸುಟ್ಟು ಇಡೀ ಊರಿಗೆ ಬಿಸಿನೀರು ಹಂಚುವ ಸ್ಥಾವರಗಳಿವೆ. ಊರಂಚಿನಲ್ಲಿ ಒಂದು ದೊಡ್ಡ ಬಾಯ್ಲರ್, ಅಲ್ಲಿಂದ ರಸ್ತೆಯಡಿ ಶಾಖ ಸೋರದಂತೆ ಸುತ್ತಿದ ಪೈಪು, ಮನೆಮನೆಯಲ್ಲಿ ಆ ಬಿಸಿಯನ್ನು ಇಳಿಸಿಕೊಳ್ಳುವ ಒಂದು ಸಣ್ಣ ಪೆಟ್ಟಿಗೆ. ಇಂಥ ಸ್ಥಾವರಗಳಿಗೆ ಇಂಧನದ ಲೆಕ್ಕ ಹಾಕಿಕೊಡುವುದು ನನ್ನ ಹೊಟ್ಟೆಪಾಡು. ಶಿರಸಿ ಕಡೆಯವನಿಗೆ ಇದೇನು ಮಹಾ ವಿದ್ಯೆಯಲ್ಲ. ಬಚ್ಚಲ ಒಲೆಗೆ ಹಸಿ ಕುಂಟೆ ತುರುಕಿದರೆ ಕಣ್ಣುರಿ ಬರುತ್ತದೆಯೇ ಹೊರತು ಹಂಡೆ ಕಾಯುವುದಿಲ್ಲ ಎಂಬುದು ನಮ್ಮ ಅಜ್ಜಿಗೂ ಗೊತ್ತಿತ್ತು. ಅದನ್ನೇ ಅಂಕಿಯಲ್ಲಿ ಹೇಳುವುದಾದರೆ, ಅರ್ಧ ತೂಕ ನೀರೇ ಇರುವ ಒಂದು ಕಿಲೋ ಚಕ್ಕೆಯಿಂದ ಸಿಗುವುದು, ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ, 2.2 ಯೂನಿಟ್‌ನಷ್ಟು ಶಾಖ. ತೇವ ಶೇ 20ಕ್ಕೆ ಇಳಿದರೆ ಅದೇ ಒಂದು ಕಿಲೋಗೆ ಸುಮಾರು 4 ಯೂನಿಟ್.

'ಹಸಿರು ಆರ್ಥಿಕತೆ' ನೋಡಲು ಇಲ್ಲಿಗೆ ಬರುವ ನಿಯೋಗಗಳು ನೇರ ಬಾಯ್ಲರ್ ಮನೆಗೆ ಹೋಗಿ ಫೋಟೊ ತೆಗೆಸಿಕೊಳ್ಳುತ್ತವೆ. ನನಗೆ ಒಳಗೊಳಗೇ ಕಿರಿಕಿರಿ. ಬಾಯ್ಲರ್ ಈ ಕತೆಯ ಬಾಲ. ತಲೆ ಇರುವುದು ಕಾಡಿನಲ್ಲಿ, ನಡು ಸಾಮಿಲ್‌ನಲ್ಲಿ.

ಫಿಯೆಮ್ಮೆ ಕಣಿವೆಯನ್ನೇ ನೋಡಿ. ಆವೀಸಿಯೊ ನದಿಯ ಎರಡೂ ದಂಡೆಯಲ್ಲಿ ಸೂಜಿ ಎಲೆಯ ಸ್ಪ್ರೂಸ್ ಮರದ ದಟ್ಟ ಕಾಡು. ಅದರಲ್ಲಿ ಸುಮಾರು 20,000 ಹೆಕ್ಟೇರ್ ಜಮೀನು ಸರ್ಕಾರದ್ದೂ ಅಲ್ಲ, ಯಾವ ಧಣಿಯದ್ದೂ ಅಲ್ಲ. 'ಮಾನ್ಯಿಫಿಕಾ ಕೊಮುನಿತಾ' ಎಂಬ, ಹನ್ನೊಂದು ಊರುಗಳು ಸೇರಿದ ಜನಸಮುದಾಯದ್ದು. 1111ರಲ್ಲಿ ತ್ರೆಂತೊದ ಬಿಷಪ್ ಜೊತೆ ಆದ ಒಡಂಬಡಿಕೆಗೆ ಇದರ ಬೇರು ಹೋಗುತ್ತದೆ. ಕವಲೇಸೆ ಪಟ್ಟಣದ ಉದ್ಯಾನದಲ್ಲಿ ಇವತ್ತಿಗೂ ಒಂದು ಕಲ್ಲಿನ ಮೇಜು, ಅದರ ಸುತ್ತ ವೃತ್ತವೃತ್ತವಾಗಿ ಕಲ್ಲಿನ ಆಸನಗಳಿವೆ. ಹಿಂದೆ ಊರ ಹಿರಿಯರು ಅಲ್ಲಿ ಕೂತು ನ್ಯಾಯ ತೀರಿಸುತ್ತಿದ್ದರು. ಮೊದಲ ಸಲ ನೋಡಿದಾಗ ನಮ್ಮೂರ ಅರಳಿಕಟ್ಟೆ ನೆನಪಾಯಿತು. ಆಮೇಲೆ ಸೊಪ್ಪಿನ ಬೆಟ್ಟವೂ ನೆನಪಾಗಿ ಸ್ವಲ್ಪ ಹೊಟ್ಟೆಕಿಚ್ಚಾಯಿತು. ನಮ್ಮ ಅಡಿಕೆ ತೋಟದವರಿಗೆ ಬೆಟ್ಟದಲ್ಲಿ ಸೊಪ್ಪು, ದರಕು ತರುವ ಹಕ್ಕಿದೆ. ಮರ ಮಾತ್ರ ಸರ್ಕಾರದ್ದು. ಇಲ್ಲಿ ಮರವೂ ಊರಿನದು. ಇಂಥ ಸಾಮೂಹಿಕ ಒಡೆತನಕ್ಕೆ ಇಟಲಿ 2017ರಲ್ಲಿ ಪ್ರತ್ಯೇಕ ಕಾನೂನನ್ನೇ ಮಾಡಿತು.

ಹಾಗಂತ ಇವರೇನು ಹವಾಮಾನದ ಚಿಂತೆಯಿಂದ ಕಾಡು ಕಾದವರಲ್ಲ. ಶತಮಾನಗಳ ಕಾಲ ನಾಟಾ ಕಡಿದು, ಹೊಳೆಯಲ್ಲಿ ತೇಲಿಬಿಟ್ಟು ವೆನಿಸ್‌ ಕಡೆಗೆ ಮಾರಿದವರು. ವ್ಯಾಪಾರಸ್ಥರೇ. ನಾಳೆಯೂ ಮಾರಲು ಮರ ಬೇಕಲ್ಲ ಎಂಬ ಲೆಕ್ಕವಷ್ಟೇ ಅವರ ಪರಿಸರಪ್ರೇಮ, ಮತ್ತು ಆ ಲೆಕ್ಕದ ಮೇಲೆ ನನಗೆ ಭಾಷಣಗಳಿಗಿಂತ ಹೆಚ್ಚು ನಂಬಿಕೆ. ಲೆಕ್ಕ ತಪ್ಪಿದರೆ ಏನಾಗುತ್ತದೆಂದೂ ಈ ಕಣಿವೆಗೆ ಗೊತ್ತು. 1985ರ ಜುಲೈ 19ರಂದು ತೆಸೆರೊ ಬಳಿಯ ಸ್ತಾವಾದಲ್ಲಿ ಗಣಿಯ ಕೆಸರು ಕಟ್ಟಿಟ್ಟ ಒಡ್ಡುಗಳು ಒಡೆದು 268 ಜನ ಸತ್ತರು.

ಈಗ ಸಾಮಿಲ್‌ಗೆ ಬರೋಣ. ಕೊಮುನಿತಾ ತನ್ನದೇ ಸಾಮಿಲ್ ಇಟ್ಟುಕೊಂಡಿದೆ, ಜಿಯಾನೊ ಎಂಬ ಊರಲ್ಲಿ. ಇದು ಸಣ್ಣ ಸಂಗತಿಯಂತೆ ಕಾಣುತ್ತದೆ, ಅಲ್ಲ. ಒಳ್ಳೆಯ ದಿಮ್ಮಿ ಕೊಯ್ದರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಭಾಗ ತೊಲೆ, ಹಲಗೆಯಾಗುತ್ತದೆ. ಉಳಿದದ್ದು ಅಂಚಿನ ಚಕ್ಕೆ, ಹೊಟ್ಟು, ತೊಗಟೆ. ನನ್ನ ಬಾಯ್ಲರ್‌ಗಳ ಪಾಲು ಈ ಉಳಿದದ್ದು. ಕಡಿಯುವವನು, ಕೊಯ್ಯುವವನು ಇಬ್ಬರೂ ಒಂದೇ ಮನೆಯವರಾದರೆ ಒಳ್ಳೆಯ ದಿಮ್ಮಿಯನ್ನು ಚಕ್ಕೆ ಯಂತ್ರಕ್ಕೆ ಹಾಕುವ ಪ್ರಶ್ನೆಯೇ ಬರುವುದಿಲ್ಲ. ಒಂದು ಘನ ಮೀಟರ್ ಸ್ಪ್ರೂಸ್ ಮರದಲ್ಲಿ ಸುಮಾರು 700 ಕಿಲೋ ಕಾರ್ಬನ್ ಡೈಆಕ್ಸೈಡ್‌ಗೆ ಸಮನಾದ ಇಂಗಾಲ ಕೂತಿರುತ್ತದೆ. ಅದು ಮನೆಯ ಮಾಡಿನ ತೊಲೆಯಾದರೆ ಮೊಮ್ಮಕ್ಕಳ ಕಾಲಕ್ಕೂ ಅಲ್ಲೇ ಇರುತ್ತದೆ, ನನ್ನ ಕೈಗೆ ಬಂದರೆ ಮುಂದಿನ ಜನವರಿಗೆ ಚಿಮಣಿಯಿಂದ ಹೊರಗೆ. ಮರ ಸುಡುವುದು ಹಸಿರೋ ಅಲ್ಲವೋ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಒಲೆಗೆ ಬರುವ ಮುಂಚೆ ಅದು ಏನಾಗಬಹುದಿತ್ತು ಎಂದು ನೋಡಿ.

ಈ ಕ್ರಮ ಒಂದೇ ರಾತ್ರಿಯಲ್ಲಿ ಮುರಿಯಿತು.

ಸಾಮಾನ್ಯ ವರ್ಷಗಳಲ್ಲಿ ಕಡಿಯುವ ಮರವನ್ನು ಒಂದೊಂದಾಗಿ ಆರಿಸುತ್ತಾರೆ. ಅರಣ್ಯಾಧಿಕಾರಿ ಬುಡದ ಹತ್ತಿರ ತೊಗಟೆ ಕೆತ್ತಿ, ಮುದ್ರೆಯಿರುವ ಸುತ್ತಿಗೆಯಿಂದ ಹೊಡೆದು ಗುರುತು ಒತ್ತುತ್ತಾರೆ. ಮರ ಹೋದ ಮೇಲೂ ಮೋಟಿನ ಮೇಲೆ ಆ ಮುದ್ರೆ ಸಾಕ್ಷಿಯಾಗಿ ಉಳಿಯಬೇಕು. ನಮ್ಮ ದಾಂಡೇಲಿ ಕಡೆಯ ನಾಟಾ ಡಿಪೊ ಕಂಡವರಿಗೆ ಈ ಸುತ್ತಿಗೆಯ ಪರಿಚಯ ಇರುತ್ತದೆ. 2018ರ ಅಕ್ಟೋಬರ್ 29ರ ರಾತ್ರಿ ಬಂದ 'ವಾಯಾ' ಬಿರುಗಾಳಿ ಯಾವ ಮುದ್ರೆಯನ್ನೂ ಕೇಳಲಿಲ್ಲ. ಮೂರು ದಿನ ಜಡಿಮಳೆ ಹೊಡೆದು ನೆಲ ಮೆತ್ತಗಾಗಿತ್ತು, ಸ್ಪ್ರೂಸ್ ಬೇರು ಹೇಗೂ ಮೇಲ್ಮಟ್ಟದ್ದು, ಅದರ ಮೇಲೆ ಗಂಟೆಗೆ 200 ಕಿ.ಮೀ. ಮೀರಿದ ಗಾಳಿ. ಈಶಾನ್ಯ ಇಟಲಿಯಲ್ಲಿ ಸುಮಾರು 42,000 ಹೆಕ್ಟೇರ್ ಕಾಡು ಹಾನಿಗೊಂಡಿತು, ನೆಲಕ್ಕೆ ಬಿದ್ದ ಮರ 80 ಲಕ್ಷ ಘನ ಮೀಟರ್‌ಗೂ ಹೆಚ್ಚು. ಪಿಟೀಲಿನ ಮರಕ್ಕೆ ಹೆಸರಾದ ಪನೆವೆಜ್ಜೊ ಕಾಡಿನಲ್ಲೂ ಮರಗಳು ಬೆಂಕಿಕಡ್ಡಿ ಚೆಲ್ಲಿದಂತೆ ಬಿದ್ದಿದ್ದವು. ಹಲವು ವರ್ಷಗಳ ಕೊಯ್ಲು ಒಟ್ಟಿಗೇ ಮಾರುಕಟ್ಟೆಗೆ ಬಂದರೆ ಬೆಲೆ ಏನಾಗುತ್ತದೆ? ಕುಸಿಯಿತು.

ನನ್ನಂಥವರಿಗೆ ಅದು ಹಬ್ಬ ಎನಿಸಿದ್ದು ಸುಳ್ಳಲ್ಲ. ಒಂದು ಊರಿನ ಸ್ಥಾವರಕ್ಕೆ (ಹೆಸರು ಬೇಡ, ತಪ್ಪು ನನ್ನದು) 2019ರ ಬೇಸಿಗೆಯಲ್ಲಿ ಅಗ್ಗಕ್ಕೆ ಸಿಕ್ಕ ಚಕ್ಕೆಯನ್ನು ಟನ್ ಲೆಕ್ಕದಲ್ಲಿ ಕೊಳ್ಳಿ ಎಂದು ಬರೆದುಕೊಟ್ಟೆ. ಬಿದ್ದ ಮರಗಳ ತುದಿ, ಕೊಂಬೆ, ಸೂಜಿ ಎಲೆ, ಜೊತೆಗೆ ಬೇರಿಗೆ ಅಂಟಿದ ಮಣ್ಣು. ಟನ್ನಿಗೆ ಕೊಟ್ಟ ದುಡ್ಡಿನಲ್ಲಿ ಅರ್ಧಕ್ಕೂ ಹೆಚ್ಚು ನೀರಿಗೆ ಹೋಯಿತು. ರಾಶಿ ಹಾಕಿದ ಕೆಲವೇ ವಾರಗಳಲ್ಲಿ ಒಳಗಿನಿಂದ ಹಬೆ ಏಳತೊಡಗಿತು. ಕೈ ತೂರಿಸಿದರೆ ಥೇಟ್ ಕೊಟ್ಟಿಗೆ ಹಿಂದಿನ ಗೊಬ್ಬರಗುಂಡಿ. ಊರಿಗೆ ಬೇಕಾದ ಶಾಖ ಅಲ್ಲೇ ಬಯಲಲ್ಲಿ ಸೋರಿಹೋಗುತ್ತಿತ್ತು. ಜನವರಿಯ ಒಂದು ಬೆಳಗಿನ ಜಾವ ಬಾಯ್ಲರ್‌ನ ಜಾಲರಿಯ ಮೇಲೆ ಮಣ್ಣು ಕರಗಿ ಗಾಜಿನಂತೆ ಗಟ್ಟಿಯಾಗಿ ಕೂತು ಗಾಳಿ ಹೋಗುವ ದಾರಿ ಮುಚ್ಚಿತು. ಅದನ್ನು ಉಳಿ ಹಿಡಿದು ಒಡೆದು ತೆಗೆಯುವವರೆಗೆ ಹಸಿರು ಸ್ಥಾವರ ಡೀಸೆಲ್‌ನಲ್ಲಿ ನಡೆಯಿತು. ಅಂದಿನಿಂದ ಟನ್ ಲೆಕ್ಕ ಬಿಟ್ಟೆ. ಈಗ ನಾನು ಬರೆಯುವ ಒಪ್ಪಂದಗಳಲ್ಲಿ ದುಡ್ಡು ಒಣ ತೂಕಕ್ಕೆ, ಇಲ್ಲವೇ ಮೀಟರ್ ತೋರಿಸಿದ ಶಾಖಕ್ಕೆ.

ಬಿರುಗಾಳಿ ಉಳಿಸಿದ್ದಕ್ಕೆ ಹುಳು ಬಿತ್ತು. ತೊಗಟೆಯಡಿ ಸುರಂಗ ಕೊರೆಯುವ ಈ ಕೀಟ ಅಕ್ಕಿಕಾಳಿಗಿಂತ ದೊಡ್ಡದಲ್ಲ. ಸುರಂಗಗಳು ಅಚ್ಚಿನ ಮೊಳೆಗಳ ಸಾಲಿನಂತೆ ಕಾಣುವುದರಿಂದ ಇದಕ್ಕೆ ವಿಜ್ಞಾನಿಗಳಿಟ್ಟ ಹೆಸರೇ 'ಅಚ್ಚುಗಾರ'. ಮೊದಲು ಬಿದ್ದ ಮರದಲ್ಲಿ ಸಂಸಾರ ಬೆಳೆಸಿತು, ಅದು ಮುಗಿದ ಮೇಲೆ ನಿಂತ ಮರಕ್ಕೆ ಹತ್ತಿತು. ಬೇಸಿಗೆ ಉದ್ದವಾದಷ್ಟೂ ಅದಕ್ಕೆ ಹೆಚ್ಚು ಪೀಳಿಗೆ. ಒಂದೇ ಜಾತಿಯ, ಹೆಚ್ಚುಕಡಿಮೆ ಒಂದೇ ವಯಸ್ಸಿನ ಮರಗಳನ್ನು ಸಾಲುಗಟ್ಟಿ ಬೆಳೆಸಿದ ಎಷ್ಟೋ ಇಳಿಜಾರುಗಳು ಕೆಂಪಗಾಗಿ, ಆಮೇಲೆ ಬೂದುಬಣ್ಣಕ್ಕೆ ತಿರುಗಿದವು. ಆ ನಾಳೆಯ ಲೆಕ್ಕದಲ್ಲಿ ಹಿರಿಯರು ಮಾಡಿದ ತಪ್ಪು ಇದು ಎಂದು ಇಲ್ಲಿನ ಅರಣ್ಯದವರೇ ಒಪ್ಪುತ್ತಾರೆ. ಈಗ ಬೀಚ್, ಫರ್, ಲಾರ್ಚ್ ಜಾತಿಯ ಮರಗಳನ್ನು ಬೆರೆಸಿ ನೆಡುವ ಮಾತು ನಡೆದಿದೆ. ಆದರೆ ಫರ್ ಸಸಿಯ ಚಿಗುರೆಂದರೆ ಜಿಂಕೆಗೆ ಹೋಳಿಗೆ ಊಟ. ಬೇಲಿ ಹಾಕದೆ ಅದು ಮೊಣಕಾಲೆತ್ತರ ದಾಟುವುದೇ ಕಷ್ಟ. ಬೇಲಿಗೆ ದುಡ್ಡು ಯಾರದು ಎಂಬಲ್ಲಿಗೆ ಸಭೆ ಮುಗಿಯುತ್ತದೆ.

ಕೆಲವು ಕಡೆ ಬಿದ್ದ ಮರಗಳನ್ನು ಎತ್ತದೆ ಅಡ್ಡಡ್ಡ ಹಾಗೇ ಬಿಡುತ್ತಾರೆ, ಮೋಟುಗಳನ್ನು ಸೊಂಟದೆತ್ತರ ಉಳಿಸುತ್ತಾರೆ. ಕೆಳಗೆ ರಸ್ತೆ, ಮನೆಗಳಿದ್ದಲ್ಲಿ ಜಾರಿಬರುವ ಹಿಮರಾಶಿಗೆ, ಉರುಳುವ ಬಂಡೆಗೆ ಅದೇ ಕೆಲವು ವರ್ಷಗಳ ತಡೆಗೋಡೆ. ಅಂಥ ಇಳಿಜಾರು ಕಂಡು 'ಎಷ್ಟೊಂದು ಇಂಧನ ಹಾಳು' ಎಂದು ನಿಟ್ಟುಸಿರಿಟ್ಟ ಕಿರಿಯ ಸಹೋದ್ಯೋಗಿಗೆ ನಾನು ತಿರುಗಿ ನೋಡಿ, ಕೆಳಗಿನ ಶಾಲೆಯ ಮಾಡನ್ನು ತೋರಿಸಿದೆ.

ಹುಳು ಹೊಕ್ಕ ಮರದಲ್ಲಿ ಜೊತೆಗೇ ಒಂದು ಶಿಲೀಂಧ್ರ ಬರುತ್ತದೆ, ಹಲಗೆ ತುಂಬ ನೀಲಿ ಗೆರೆ. ಬಲಕ್ಕೇನೂ ದೊಡ್ಡ ಕೊರತೆಯಿಲ್ಲ. ನೋಟಕ್ಕೆ ಮಾತ್ರ ಮಸಿ ಚೆಲ್ಲಿದಂತೆ. ಗಿರಾಕಿ ಬೇಡವೆನ್ನುತ್ತಾನೆ, ಬೆಲೆ ಬೀಳುತ್ತದೆ, ಆಗ ನನ್ನಂಥವನ ಕಣ್ಣು ಅದರ ಮೇಲೆ ಬೀಳುತ್ತದೆ. ಹೋದ ಚಳಿಗಾಲ ಒಂದು ಸಾಮಿಲ್‌ನ ಅಂಗಳದಲ್ಲಿ ಇಂಥ ಹಲಗೆಗಳ ಎತ್ತರದ ಅಟ್ಟಿ ಕಂಡು, ಇಷ್ಟನ್ನೂ ಚಕ್ಕೆ ಮಾಡಿದರೆ ಎಷ್ಟಾದೀತು ಎಂದು ಕೇಳಿದೆ. ಗರಗಸದವನು ಕೈಗವಸು ಕಳಚಿ ಒಂದು ಹಲಗೆ ಎತ್ತಿ, ಬೆರಳ ಗೆಣ್ಣಿನಿಂದ ತಟ್ಟಿ ನನ್ನ ಕಿವಿಗೆ ಹಿಡಿದ. ಗಟ್ಟಿ ಸದ್ದು. ಗೋಡೆಯೊಳಗಿನ ಚೌಕಟ್ಟಿಗೆ ಬಡಗಿ ಒಯ್ಯುತ್ತಾನಂತೆ. ಗೋಡೆಯೊಳಗೆ ಬಣ್ಣ ಯಾರು ನೋಡುತ್ತಾರೆ?

'ನಿನ್ನದು ಅಲ್ಲಿದೆ' ಎಂದು ಹಿಂದಿನ ತೊಗಟೆ ರಾಶಿ ತೋರಿಸಿದ. ಹೋಗಿ ಒಂದು ಹಿಡಿ ತೆಗೆದು ಹಿಂಡಿದೆ. ಒದ್ದೆ.